ಕಾಲಾಳಿನ ಗುಂಡು ನಿರೋಧಕ ಕವಚ

ಗುಂಡಿನ ವೇಗವನ್ನು ಕುಂದಿಸಿ, ಅದರ ಹೊಡೆತವನ್ನು ಅಗಲವಾಗಿ ಹಂಚುವ ಉಡುಪೇ ಗುಂಡು ನಿರೋಧಕ ಕವಚ. ಎದೆ, ಬೆನ್ನು, ಹೊಟ್ಟೆಗಳನ್ನು ಕಾಯುವುದು ಅದರ ಮುಖ್ಯ ಕೆಲಸ.

ಟಿಪ್ಪು ಸುಲ್ತಾನನ ಕಾಲದ ಮೈಸೂರಿನಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹೊಲಿದ ಶಿರಸ್ತ್ರಾಣಗಳಿದ್ದವು. ಕತ್ತಿಯ ಏಟಿನ ಬಿರುಸನ್ನು ಅವು ತಗ್ಗಿಸುತ್ತಿದ್ದವು. ಕೋವಿಯ ಗುಂಡಿನ ಮುಂದೆ ನಿಲ್ಲುತ್ತಿರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕಾಳಗದಲ್ಲಿ ಟಿಪ್ಪು ಮಡಿದದ್ದು ಗುಂಡೇಟಿನಿಂದಲೇ.

ಗುಂಡನ್ನು ತಡೆಯಬಲ್ಲ ಹಗುರ ಬಟ್ಟೆಗೆ ದಾರಿ ತೆರೆದದ್ದು ಕೆವ್ಲಾರ್ ಎಂಬ ಕೃತಕ ನಾರು. ಅಮೆರಿಕದ ಡುಪಾಂಟ್ ಕಂಪನಿಯ ರಸಾಯನವಿಜ್ಞಾನಿ ಸ್ಟೆಫನಿ ಕ್ವೋಲೆಕ್ 1965ರಲ್ಲಿ ಇದಕ್ಕೆ ಮೂಲವಾದ ಎಳೆಯನ್ನು ಕಂಡುಹಿಡಿದರು. ಗೋಲ್‌ಪೋಸ್ಟಿನ ಬಲೆ ಚೆಂಡನ್ನು ಹಿಡಿಯುವಂತೆ, ಹತ್ತಾರು ಪದರಗಳ ನೇಯ್ಗೆ ಗುಂಡಿನ ಶಕ್ತಿಯನ್ನು ಸುತ್ತಲಿನ ಎಳೆಗಳಿಗೆ ಸಾಗಿಸುತ್ತದೆ. ಪಿಸ್ತೂಲಿನ ಗುಂಡಿಗೆ ಇಷ್ಟು ಸಾಕು.

ರೈಫಲ್ಲಿನ ಮಾತೇ ಬೇರೆ. ಎಕೆ-47ರ ಸುಮಾರು 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ 700 ಮೀಟರಿಗೂ ಹೆಚ್ಚು ವೇಗದಲ್ಲಿ ಬರುತ್ತದೆ. ಅದರ ಶಕ್ತಿ ಸುಮಾರು 2,000 ಜೂಲ್. ಇದಕ್ಕೆ ಸೆರಾಮಿಕ್ ಫಲಕ ಬೇಕು. ಬೋರಾನ್ ಕಾರ್ಬೈಡಿನಂಥ ಅತಿ ಗಡುಸಾದ ಫಲಕಕ್ಕೆ ಬಡಿದ ಗುಂಡಿನ ಮೂತಿ ನುಜ್ಜಾಗುತ್ತದೆ. ಹಿಂಬದಿಯ ಪಾಲಿಎಥಿಲೀನ್ ಪದರ ಚೂರುಗಳನ್ನು ಹಿಡಿದಿಡುತ್ತದೆ. ಬೋರಾನ್ ಕಾರ್ಬೈಡಿನ ಸಾಂದ್ರತೆ ಉಕ್ಕಿನ ಮೂರನೆಯ ಒಂದು ಭಾಗದಷ್ಟೇ ಇರುವುದರಿಂದ ತೂಕವೂ ಇಳಿಯುತ್ತದೆ. ಆದರೆ ಸೆರಾಮಿಕ್ ಬಿರುಕು ಬಿಡುತ್ತದೆ; ಬಿರುಕಿನ ಬಳಿ ಮತ್ತೊಂದು ಗುಂಡು ಬಿದ್ದರೆ ರಕ್ಷಣೆ ಕುಗ್ಗುತ್ತದೆ.

ಗುಂಡು ಒಳನುಗ್ಗದಿದ್ದರೂ ಕವಚ ಒಳಕ್ಕೆ ಉಬ್ಬಿ ಪಕ್ಕೆಲುಬು ಮುರಿಯಬಹುದು. ಆದ್ದರಿಂದ ಕವಚದ ಹಿಂದೆ ಜೇಡಿಮಣ್ಣಿನಂಥ ಮೆತ್ತನೆಯ ವಸ್ತುವನ್ನಿಟ್ಟು ಗುಂಡು ಹಾರಿಸಿ, ಬಿದ್ದ ತಗ್ಗನ್ನು ಅಳೆಯುತ್ತಾರೆ. ಅಮೆರಿಕದ ಮಾನದಂಡದಲ್ಲಿ ಇದರ ಮಿತಿ 44 ಮಿಲಿಮೀಟರ್. ಭಾರತದ ಮಾನದಂಡವಾದ ಐಎಸ್ 17051 ಜಾರಿಗೆ ಬಂದದ್ದು 2018ರಲ್ಲಿ.

ಕವಚದ ದೊಡ್ಡ ತೊಡಕು ತೂಕ. ಪ್ರತಿ ಕಿಲೋ ಹೆಚ್ಚಿದಂತೆ ಯೋಧ ಬೇಗ ದಣಿಯುತ್ತಾನೆ, ಬೆವರು ಆರದೆ ಮೈ ಕಾಯುತ್ತದೆ, ಓಟ ನಿಧಾನವಾಗುತ್ತದೆ. ಭಾರತದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮತ್ತು ದೆಹಲಿ ಐಐಟಿ 2024ರಲ್ಲಿ ಪ್ರಕಟಿಸಿದ ‘ಅಭೇದ್’ ಜಾಕೆಟ್‌ಗಳ ಕನಿಷ್ಠ ತೂಕ, ರಕ್ಷಣೆಯ ಮಟ್ಟಕ್ಕೆ ತಕ್ಕಂತೆ, 8.2 ಮತ್ತು 9.5 ಕಿಲೋ. ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ಡೆಬೆಲ್, ಹೊರೆಯ ಭಾರವನ್ನು ನೆಲಕ್ಕೆ ಇಳಿಸುವ ಹೊರಮೈ ಚೌಕಟ್ಟುಗಳ ಮೇಲೆ ಕೆಲಸ ಮಾಡಿದೆ. ಪೆಟ್ಟು ಬಿದ್ದೊಡನೆ ಗಟ್ಟಿಯಾಗುವ ದ್ರವವನ್ನು ಬಟ್ಟೆಗೆ ಊಡಿಸುವ ಸಂಶೋಧನೆಯೂ ಹಲವೆಡೆ ಸಾಗಿದೆ. ಕುತ್ತಿಗೆ, ತೋಳು, ತೊಡೆಗಳಿಗೆ ಬಾಗುವ ರಕ್ಷಣೆ ಒದಗಿಸುವುದು ಅದರ ಗುರಿ.