ಹಸ್ತಪ್ರತಿಯ ಕಪಾಟು ಮತ್ತು ಬೂಷ್ಟು: ತಾಂಬಾ ಪರಿಸರದ ದೃಷ್ಟಿಯಿಂದ

ಓಲೆಗರಿಯ ಗ್ರಂಥಗಳಿಗೆ ಒದಗುವ ಹಾನಿಗಳಲ್ಲಿ ಬೂಷ್ಟು ಕರಾವಳಿಯ ಪೀಡೆಯೆಂಬ ಭಾವನೆ ರೂಢವಾಗಿದೆ. ಧವಲಾದಿ ಸಿದ್ಧಾಂತ ಗ್ರಂಥಗಳ ತಾಡಪತ್ರ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ ಮೂಡಬಿದಿರೆಯಲ್ಲಿ ವಾರ್ಷಿಕ ಮಳೆ 3,500 ಮಿ.ಮೀ. ಮೀರುತ್ತದೆ. ವಿಜಯಪುರ ಜಿಲ್ಲೆಯ ತಾಂಬಾ ಇರುವ ಎರೆನಾಡಿನಲ್ಲಿ ಅದು ಸುಮಾರು 600 ಮಿ.ಮೀ. ಮಾತ್ರ. ಆದುದರಿಂದ ಬಯಲುಸೀಮೆಯಲ್ಲಿ ಬೂಷ್ಟಿನ ಭಯವಿಲ್ಲವೆಂದು ಮನೆಗಳ ಕಪಾಟುಗಳನ್ನು ವರ್ಷಗಟ್ಟಲೆ ತೆರೆಯದೆ ಇಡುವುದುಂಟು. ಈ ನಂಬಿಕೆ ಅರ್ಧಸತ್ಯ.

ಬೂಷ್ಟಿಗೆ ಬೇಕಾದುದು ಊರಿನ ಮಳೆಯಲ್ಲ, ಗರಿಯನ್ನು ಮುಟ್ಟುವ ಗಾಳಿಯ ತೇವ. ಸಾಪೇಕ್ಷ ಆರ್ದ್ರತೆ ಶೇಕಡಾ 65-70ನ್ನು ಮೀರಿ ಕೆಲವು ದಿನ ನಿಂತರೆ ಅದರ ಬೀಜಾಣುಗಳು ಮೊಳೆಯುತ್ತವೆ. ಗಾಳಿ ತಣಿದಷ್ಟೂ ಅದೇ ತೇವಾಂಶಕ್ಕೆ ಆರ್ದ್ರತೆ ಏರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡಾ 60 ಇರುವ ಗಾಳಿ 25 ಡಿಗ್ರಿಯ ಗೋಡೆಯನ್ನು ಸೋಕಿದಾಗ ಅಲ್ಲಿ ಶೇಕಡಾ 80ರಷ್ಟಾಗುತ್ತದೆ. ಕೋಣೆ ಒಣಗಿರುವಂತೆ ತೋರಿದರೂ ಕಪಾಟಿನ ಹಿಂಬದಿ ತೇವಗೊಳ್ಳುವುದರ ರಹಸ್ಯವಿದು.

ಕಲ್ಲು-ಮಣ್ಣಿನ ದಪ್ಪ ಗೋಡೆಯೊಳಗೇ ಗೂಡು ಕೊರೆದು ಬಾಗಿಲಿಟ್ಟ ಕಪಾಟು ಹಳೆಯ ಮನೆಗಳಲ್ಲಿ ಸಾಮಾನ್ಯ. ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ. ಅಡಿಪಾಯದಿಂದ ತೇವ ಗೋಡೆಗೆ ಏರುತ್ತದೆ. ಈ ಭಾಗದಲ್ಲಿ ಸೆಪ್ಟೆಂಬರ್ ಹೆಚ್ಚು ಮಳೆಯ ತಿಂಗಳು. ಆಗ ಅಂತಹ ಗೂಡಿನೊಳಗೆ ನಿಂತ ಗಾಳಿಯ ಸ್ಥಿತಿ ಕರಾವಳಿಗಿಂತ ಬಹಳ ಭಿನ್ನವಲ್ಲ.

ಆದುದರಿಂದ ಗ್ರಂಥಗಳನ್ನು ಗೋಡೆಯ ಗೂಡಿನಿಂದ ಹೊರತೆಗೆದು, ಗೋಡೆಯಿಂದ ಒಂದು ಗೇಣು ದೂರದಲ್ಲಿ, ಕಾಲುಗಳ ಮೇಲೆ ನಿಂತ ಕಪಾಟಿನಲ್ಲಿ ಇಡುವುದು ಮೊದಲ ಪರಿಹಾರ. ಹೊರಗೋಡೆಗಿಂತ ಒಳಗೋಡೆಯ ಬದಿ ಉತ್ತಮ. ಕಟ್ಟುಗಳನ್ನು ಒತ್ತಾಗಿ ತುರುಕದೆ ನಡುವೆ ಗಾಳಿಯಾಡಲು ಬಿಡಬೇಕು. ಹೊದಿಕೆಗೆ ತೊಳೆದು ಚೆನ್ನಾಗಿ ಒಣಗಿಸಿದ ಹತ್ತಿಬಟ್ಟೆ ಯೋಗ್ಯ. ಪ್ಲಾಸ್ಟಿಕ್ ಚೀಲ ಒಳಗಿನ ತೇವವನ್ನು ಬಂಧಿಸುತ್ತದೆ. ಅಲ್ಪಬೆಲೆಯ ಆರ್ದ್ರತಾಮಾಪಕವೊಂದನ್ನು ಕೋಣೆಯಲ್ಲಲ್ಲ, ಕಪಾಟಿನೊಳಗೇ ಇಡತಕ್ಕದ್ದು.

ಕರ್ಪೂರ, ನುಸಿಗುಳಿಗೆ, ಬಜೆ ಮೊದಲಾದವು ಹುಳುಗಳನ್ನು ದೂರವಿಡಬಲ್ಲವು. ಅವು ತೇವವನ್ನು ಹೀರುವುದಿಲ್ಲ. ಹಸಿ ಬೇವಿನ ಸೊಪ್ಪು ತೇವವನ್ನೇ ತರುತ್ತದೆ. ಸಿಲಿಕಾ ಜೆಲ್ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಉಪಯುಕ್ತ, ಸಂದುಳ್ಳ ಕಪಾಟಿನಲ್ಲಿ ವ್ಯರ್ಥ. ಅದನ್ನು ಆಗಾಗ ಕಾಯಿಸಿ ಒಣಗಿಸದಿದ್ದರೆ ಪ್ರಯೋಜನವಿಲ್ಲ.

ಅತಿಶುಷ್ಕತೆಯೂ ಹಾನಿಕರ. ಬೇಸಿಗೆಯಲ್ಲಿ ಇಲ್ಲಿನ ಗಾಳಿ ಬಹಳ ಒಣಗಿ ಗರಿಗಳು ಸೆಡೆತು ಸೀಳುತ್ತವೆ. ಶೇಕಡಾ 45ರಿಂದ 60ರ ನಡುವೆ, ಏರಿಳಿತವಿಲ್ಲದೆ ಇರುವುದೇ ಲಕ್ಷ್ಯ.

ಕಪಾಟನ್ನು ತೆರೆಯುವ ಕಾಲವನ್ನು ಜೈನ ಪರಂಪರೆ ಮೊದಲೇ ಗುರುತಿಸಿದೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ದಿಗಂಬರರು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಹೊದಿಸಿ ಪೂಜಿಸುತ್ತಾರೆ. ಶ್ವೇತಾಂಬರರ ಜ್ಞಾನಪಂಚಮಿ ಕಾರ್ತಿಕ ಶುದ್ಧ ಪಂಚಮಿಯಂದು ಬರುತ್ತದೆ. ಒಂದು ಮಳೆಗಾಲದ ಹೊಸ್ತಿಲಲ್ಲಿ, ಇನ್ನೊಂದು ಅದು ಹಿಂಜರಿಯುವಾಗ. ತಾಂಬಾ ಸೀಮೆಯ ಕಪಾಟುಗಳಿಗೆ ಈ ಎರಡೂ ಸಂದರ್ಭಗಳ ಪರಿಶೀಲನೆ ಅವಶ್ಯ. ಮೊದಲನೆಯದು ಬರಲಿರುವ ತೇವಕ್ಕೆ ಸಿದ್ಧತೆ. ಎರಡನೆಯದು ಸೆಪ್ಟೆಂಬರ್ ಬಿಟ್ಟುಹೋದುದರ ಶೋಧನೆ. ಆ ದಿನ ಮಳೆಯಿದ್ದರೆ ಮುಂದಿನ ಒಣದಿನವೇ ಲೇಸು.

ಆಗ ಬೂಷ್ಟು ಕಂಡರೆ ಆ ಕಟ್ಟನ್ನು ಬೇರೆಯಾಗಿರಿಸಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ, ಪುಡಿಯಾದ ಮೇಲೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೃದು ಕುಂಚದಿಂದ ಬಯಲಿನಲ್ಲಿ ತೆಗೆಯಬೇಕು. ಒದ್ದೆಬಟ್ಟೆಯಿಂದ ಒರೆಸಿದರೆ ಬೂಷ್ಟು ಹರಡುತ್ತದೆ, ಕಂಟದಿಂದ ಕೊರೆದ ಅಕ್ಷರಗಳಲ್ಲಿ ತುಂಬಿದ ಮಸಿಯೂ ಅಳಿಯುತ್ತದೆ. ಬಿಸಿಲಿಗಿಟ್ಟರೆ ಗರಿ ಡೊಂಕಾಗುತ್ತದೆ. ಗ್ರಂಥವೊಂದರ ಏಕೈಕ ಪ್ರತಿ ಮನೆಯ ಕಪಾಟಿನಲ್ಲಿದ್ದರೆ, ಬೂಷ್ಟು ತಿಂದ ಅಕ್ಷರಕ್ಕೆ ಪಾಠಾಂತರವಿರುವುದಿಲ್ಲ.