ಉಪ್ಪು ತರಲು ಅಘನಾಶಿನಿಗೆ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಕಂದು ಬಣ್ಣದ ಒಂದು ಪಿಂಗಾಣಿ ಜಾಡಿ ಇದೆ. ಅದರಲ್ಲಿ ಇರುತ್ತಿದ್ದದ್ದು ಸಾಣಿಕಟ್ಟಾದ ಹರಳುಪ್ಪು. ನನ್ನ ಹೆಂಡತಿ ಕುಮಟಾ ತಾಲ್ಲೂಕಿನ ಅಘನಾಶಿನಿ ಕಡೆಯವಳು. ಮದುವೆಯಾಗಿ ಮೈಸೂರಿಗೆ ಬಂದು ನಲವತ್ತೈದು ವರ್ಷ ಕಳೆದರೂ ಉಪ್ಪಿನಕಾಯಿಗೆ ಬೇರೆ ಉಪ್ಪು ಹಾಕಿದವಳಲ್ಲ. ಊರ ಕಡೆಯಿಂದ ಯಾರು ಬಂದರೂ ಒಂದು ಚೀಲ ಉಪ್ಪು ತರಲೇಬೇಕಿತ್ತು. ಅವಳು ಹೋಗಿ ಎರಡು ವರ್ಷವಾಯಿತು. ಈ ಬೇಸಿಗೆಯಲ್ಲಿ ಆರನೇ ತರಗತಿಯ ನನ್ನ ಮೊಮ್ಮಗಳು ಅಜ್ಜಿಯ ಪುಸ್ತಕ ನೋಡಿಕೊಂಡು ಮಿಡಿ ಉಪ್ಪಿನಕಾಯಿ ಹಾಕುತ್ತೇನೆಂದು ಹೊರಟಳು. ಪುಸ್ತಕದ ಮೊದಲ ಸಾಲಿನಲ್ಲೇ ಸಾಣಿಕಟ್ಟಾ ಉಪ್ಪು ಎಂದು ಬರೆದಿತ್ತು. ಜಾಡಿಯ ತಳದಲ್ಲಿ ಉಳಿದಿದ್ದದ್ದು ಒಂದು ಹಿಡಿ.

“ಅಂಗಡಿ ಉಪ್ಪು ಹಾಕಿದರಾಯಿತು ಬಿಡು” ಎಂದೆ. ಅವಳು ಒಪ್ಪಲಿಲ್ಲ. ನನಗೂ ಒಳಗೊಂದು ಸಾಲ ಇತ್ತು. “ಒಮ್ಮೆ ಊರಿಗೆ ಹೋಗಿ ಬರೋಣ” ಎಂದು ಅವಳಜ್ಜಿ ಕೇಳಿದಾಗಲೆಲ್ಲ “ಮುಂದಿನ ಬೇಸಿಗೆಗೆ” ಎನ್ನುತ್ತ ಹತ್ತು ವರ್ಷ ದೂಡಿದವನು ನಾನು. ಹಾಗಾಗಿ ಏಪ್ರಿಲ್‌ನಲ್ಲಿ ಅಜ್ಜ-ಮೊಮ್ಮಗಳು ಇಬ್ಬರೇ ಹೊರಟೆವು.

ಈಗ ಮೈಸೂರಿನಿಂದ ಮುರ್ಡೇಶ್ವರಕ್ಕೆ ನೇರ ರೈಲಿದೆ. ರಾತ್ರಿ ಹತ್ತಿದರೆ ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಡಲ ಪಕ್ಕ ಇಳಿಯಬಹುದು. ಅಲ್ಲಿಂದ ಬಸ್ಸಿನಲ್ಲಿ ಹೊನ್ನಾವರದ ಶರಾವತಿ ಸೇತುವೆ ದಾಟಿದರೆ ಕುಮಟಾ. ಕುಮಟಾದಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಬಾಡ, ಕಾಗಾಲ ಕಳೆದ ಮೇಲೆ ರಸ್ತೆ ಮುಗಿಯುವ ಕಡೆ ಅಘನಾಶಿನಿ ಎಂಬ ಹಳ್ಳಿ. ಎಡಕ್ಕೆ ಕಡಲು, ಎದುರಿಗೆ ನದಿ, ಆಚೆ ದಡದಲ್ಲಿ ತದಡಿ.

ಹಳ್ಳಿಗೂ ನದಿಗೂ ಒಂದೇ ಹೆಸರು. ಪಾಪವನ್ನು ನಾಶಮಾಡುವವಳು ಎಂದು ಅರ್ಥ. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಒಟ್ಟು ಸುಮಾರು 120 ಕಿಲೋಮೀಟರ್ ಹರಿದು ಇಲ್ಲಿ ಕಡಲು ಸೇರುತ್ತಾಳೆ. ನಮ್ಮ ಕಾವೇರಿ ಪೂರ್ವಕ್ಕೆ 800 ಕಿಲೋಮೀಟರ್ ನಡೆಯುತ್ತಾಳೆ. ಇವಳದು ಪಶ್ಚಿಮಕ್ಕೆ ಒಂದೇ ಓಟ. “ಇದರ ಡ್ಯಾಮ್ ಎಲ್ಲಿದೆ ತಾತ?” ಎಂದಳು ಮೊಮ್ಮಗಳು. ಕನ್ನಂಬಾಡಿ ನೋಡಿ ಬೆಳೆದ ಮಗು, ನದಿ ಎಂದಮೇಲೆ ಕಟ್ಟೆ ಇರಲೇಬೇಕು ಎಂದುಕೊಂಡಿದ್ದಾಳೆ. ಅಘನಾಶಿನಿಗೆ ಅಣೆಕಟ್ಟೆಯೇ ಇಲ್ಲ. ಹಾಗಾಗಿ ಘಟ್ಟದ ಮಣ್ಣು, ಎಲೆ, ಸಿಹಿನೀರು ಎಲ್ಲವೂ ನೇರ ಅಳಿವೆಗೆ ಬಂದು ಬೀಳುತ್ತವೆ. ಅಳಿವೆ ಎಂದರೆ ನದಿಯೂ ಕಡಲೂ ಬೆರೆಯುವ ಜಾಗ.

ಮಾರನೆಯ ಬೆಳಿಗ್ಗೆ ದಡಕ್ಕೆ ಹೋದರೆ, ಹಿಂದಿನ ಸಂಜೆ ತುಂಬಿ ನಿಂತಿದ್ದ ನದಿ ಅರ್ಧ ಖಾಲಿ! ಮೊಮ್ಮಗಳು ಕಣ್ಣರಳಿಸಿದಳು. ಮಕ್ಕಳೇ, ಕುಕ್ಕರಹಳ್ಳಿ ಕೆರೆ ಹೀಗೆ ಮಾಡುವುದಿಲ್ಲ, ಅಲ್ಲವೇ? ಚಂದ್ರನ ಸೆಳೆತದಿಂದ, ಸ್ವಲ್ಪ ಮಟ್ಟಿಗೆ ಸೂರ್ಯನ ಸೆಳೆತದಿಂದ ಕಡಲ ನೀರು ಇಲ್ಲಿ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದರೆ ಉಬ್ಬರ, ಇಳಿದರೆ ಇಳಿತ. ಇವತ್ತು ಬೆಳಿಗ್ಗೆ ಆರಕ್ಕೆ ಉಬ್ಬರವಾದರೆ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಏರಿಳಿತ ಜೋರು. ಇಲ್ಲಿಯವರು ಗಡಿಯಾರಕ್ಕಿಂತ ಪಂಚಾಂಗದ ತಿಥಿ ನೋಡಿ ನದಿಗಿಳಿಯುತ್ತಾರೆ.

ಇಳಿತದಲ್ಲಿ ಬಯಲಾದ ಕೆಸರು ಮರಳಿನ ದಿಬ್ಬಗಳ ಮೇಲೆ ಹೆಂಗಸರು, ಗಂಡಸರು ಬಗ್ಗಿ ಏನನ್ನೋ ಆಯುತ್ತಿದ್ದರು. ಅದು ಬಳಚು, ಅಂದರೆ ಚಿಪ್ಪಿಕಲ್ಲು. ಎರಡು ಚಿಪ್ಪುಗಳ ನಡುವೆ ಮೆತ್ತಗಿನ ಜೀವ. ನೀರನ್ನು ಒಳಗೆಳೆದುಕೊಂಡು, ಅದರಲ್ಲಿರುವ ಸಣ್ಣ ಸಣ್ಣ ಆಹಾರದ ಕಣಗಳನ್ನು ಸೋಸಿ ತಿಂದು, ಉಳಿದ ನೀರನ್ನು ಹೊರಗೆ ಬಿಡುತ್ತದೆ. ನಾವು ಸಸ್ಯಾಹಾರಿಗಳು, ಆದರೂ ಆ ಬುಟ್ಟಿಗಳನ್ನು ಬಹಳ ಹೊತ್ತು ನೋಡುತ್ತ ನಿಂತೆವು. ದೋಣಿ ಇಲ್ಲ, ಬಲೆ ಇಲ್ಲ, ಬಂಡವಾಳವಿಲ್ಲ. ಇಳಿತದ ಎರಡು ಮೂರು ತಾಸು ಮಾತ್ರ ಸಿಗುವ ದುಡಿಮೆ. ಸೊಂಟದ ಮಟ್ಟದ ನೀರಿನಲ್ಲಿದ್ದ ಒಬ್ಬಾಕೆ, ಮೊದಲಿನ ಹಾಗೆ ಈಗ ಸಿಗುವುದಿಲ್ಲ ಎಂದರು. ಮೊಮ್ಮಗಳು “ಯಾಕೆ?” ಎಂದಳು. “ನದಿಯನ್ನೇ ಕೇಳಬೇಕು ಮಗಾ” ಎಂದು ನಕ್ಕು ಮತ್ತೆ ಬಗ್ಗಿದರು.

ಇದೇ ಅಳಿವೆಯ ದಡದಲ್ಲಿ, ತದಡಿಯಲ್ಲಿ, ದೊಡ್ಡ ವಿದ್ಯುತ್ ಸ್ಥಾವರದ ಯೋಜನೆ, ದೊಡ್ಡ ಬಂದರಿನ ಯೋಜನೆ ಎಲ್ಲ ಬಂದಿದ್ದವು. ಮೀನುಗಾರರೂ ರೈತರೂ ವಿರೋಧಿಸಿದರು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿ ಸೇರಿತು. ಇರಾನಿನ ರಾಮ್ಸರ್ ಎಂಬ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗುನೆಲಗಳನ್ನು ಗುರುತಿಸುವ ಪಟ್ಟಿ ಅದು. ಬಳಚು ಆಯುವವರಿಗೆ ಅದರಿಂದ ಏನು ಸಿಕ್ಕಿತು ಎಂದು ನನಗೆ ಯಾರನ್ನೂ ಕೇಳಲು ಬಾಯಿ ಬರಲಿಲ್ಲ.

ತದಡಿಗೆ ದಾಟಲು ದೋಣಿ ಇದೆ. ಸ್ಕೂಟರೂ ಏರುತ್ತದೆ, ಮೀನಿನ ಬುಟ್ಟಿಯೂ ಏರುತ್ತದೆ. ನಾವು ಆತುರದಲ್ಲಿ ಹೋದರೆ, “ನೀರು ಏರೂಕೆ ಇನ್ನೂ ಅರ್ಧ ತಾಸು ಬೇಕು” ಎಂದು ದೋಣಿಯವರು ಕಾಯಿಸಿದರು. ಕಲ್ಲಿನ ಮೇಲೆ ಕುಳಿತು ಕಾಯುವಾಗ ನೆನಪಾಯಿತು: ತನ್ನಪ್ಪನ ಕೈ ಹಿಡಿದು ಉಪ್ಪಿಗೆಂದು ಇಲ್ಲೇ ದೋಣಿ ಹತ್ತುತ್ತಿದ್ದೆ ಎಂದು ಅವಳು ಹೇಳುತ್ತಿದ್ದಳು. ಮೊಮ್ಮಗಳಿಗೆ ಹೇಳಿದೆ. ಅವಳು ದೋಣಿಯಲ್ಲಿ ಕೈ ಚಾಚಿ ನೀರು ಮುಟ್ಟಿ, ಬೆರಳು ನೆಕ್ಕಿ, “ಉಪ್ಪು!” ಎಂದಳು.

ತದಡಿಯಿಂದ ಸಾಣಿಕಟ್ಟಾ ಆಟೊದಲ್ಲಿ ಸ್ವಲ್ಪವೇ ದೂರ. ಪಕ್ಕದ ಹನೇಹಳ್ಳಿಯೇ ಕತೆಗಾರ ಯಶವಂತ ಚಿತ್ತಾಲರ ಊರು; ಅಜ್ಜ-ಅಜ್ಜಿಯರಿಗೆ ಬೇರೆ ಪರಿಚಯ ಬೇಡ. ಗೋಕರ್ಣವೂ ಹತ್ತಿರ. ಅದನ್ನು ಕುರಿತು ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ.

ಉಪ್ಪಿನ ಆಗರ ನೋಡಿದರೆ ಆಕಾಶವನ್ನೇ ಚೌಕಚೌಕವಾಗಿ ಕತ್ತರಿಸಿ ನೆಲಕ್ಕೆ ಹಾಸಿದಂತೆ. ಉಬ್ಬರದ ನೀರನ್ನು ಕಾಲುವೆಯಲ್ಲಿ ಒಳಗೆ ಬಿಟ್ಟುಕೊಳ್ಳುತ್ತಾರೆ. ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಬಿಟ್ಟರೆ ನೀರು ಆರುತ್ತ ಹೋಗಿ ಕೊನೆಯ ಪಾತಿಯಲ್ಲಿ ಹರಳು ಕಟ್ಟುತ್ತದೆ. ಉದ್ದನೆಯ ಹಿಡಿಯ ಮರದ ಹಲಗೆಯಿಂದ ಅದನ್ನು ಎಳೆದು ಗುಡ್ಡೆ ಹಾಕುತ್ತಾರೆ. ಬಿಸಿಲು ಕೆಳಗಿನಿಂದಲೂ ಮೇಲಿನಿಂದಲೂ ಹೊಡೆಯುತ್ತದೆ. ಏಪ್ರಿಲ್‌ನಲ್ಲಿ ಒಂದೇ ಒಂದು ಮಳೆ ಬಿದ್ದರೂ ಎಷ್ಟೋ ದಿನದ ಕೆಲಸ ಕರಗಿಹೋಗುತ್ತದೆ. ನಾವಿದ್ದಾಗ ಘಟ್ಟದ ಕಡೆ ಮೋಡ ಏರಿತು. ಅಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಅತ್ತಲೇ ನೋಡಿದರು. ಪುಣ್ಯಕ್ಕೆ ಅದು ಬೇರೆಡೆ ಹೋಯಿತು.

ಈ ಜಿಲ್ಲೆಯಲ್ಲಿ ಉಪ್ಪಿಗೆ ಇನ್ನೊಂದು ಕತೆಯಿದೆ. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಒಂದೇ ವಾರಕ್ಕೆ, 1930ರ ಏಪ್ರಿಲ್ 13ರಂದು, ಪಕ್ಕದ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಮನೆಯ ಮುಂದಿನ ಕಡಲ ನೀರು ಕಾಯಿಸಿದರೆ ಅಪರಾಧ! ಮೊಮ್ಮಗಳಿಗೆ ಇದು ನಂಬಲೇ ಆಗಲಿಲ್ಲ.

ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ ಎಂದೆ. ಅವಳು ಮರಳಿನ ಮೇಲೆ ಕಡ್ಡಿಯಿಂದ ಲೆಕ್ಕ ಹಾಕಿದಳು. ಜಾಡಿಗೆ ಮೂರೂವರೆ ಕಿಲೋ ಹಿಡಿಯುತ್ತದೆ. ಹಾಗಾದರೆ ಅಜ್ಜಿಯ ಜಾಡಿ ತುಂಬಲು 100 ಲೀಟರ್ ಕಡಲು ಬೇಕು. ನಾನು ಐದು ಕಿಲೋ ಕೊಂಡೆ. ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪೇ ಇರಲಿ ಎಂದು ಮಗ ಮೊದಲೇ ತಾಕೀತು ಮಾಡಿದ್ದ; ಇದು ಉಪ್ಪಿನಕಾಯಿಗೆ ಮಾತ್ರ.

ವಾಪಸು ಬರುವಾಗ ಗಜನಿ ಗದ್ದೆಗಳನ್ನು ಕಂಡೆವು. ಮಳೆಗಾಲದಲ್ಲಿ ಇಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರನ್ನು ತಡೆದುಕೊಳ್ಳುವ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ಮಿರ್ಜಾನಿನ ಕೆಂಪುಕಲ್ಲಿನ ಕೋಟೆಯಲ್ಲಿ ಮಂಡಿನೋವಿನಿಂದ ನಾನು ಕೆಳಗೇ ಉಳಿದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ ಇದು. ಮೊಮ್ಮಗಳು ಬುರುಜು ಹತ್ತಿ ಅಲ್ಲಿಂದ ಕೈಬೀಸಿದಳು.

ಅವಳಜ್ಜಿಯ ಮನೆ ಇದ್ದ ಜಾಗಕ್ಕೆ ಕೊನೆಯ ಸಂಜೆ ಹೋದೆವು. ಮನೆ ಎಂದೋ ಮಾರಿಹೋಗಿದೆ. ಈಗ ಅಲ್ಲಿ ಬೇರೆಯವರ ತಾರಸಿ ಮನೆ. ಬಾವಿ ಮಾತ್ರ ಹಳೆಯದೇ. ಮನೆಯವರು ಕುಳ್ಳಿರಿಸಿ ಬೆಲ್ಲ, ನೀರು ಕೊಟ್ಟರು. ಕಡಲು ಕೂಗಳತೆಯಲ್ಲಿದ್ದರೂ ನೀರು ಸಿಹಿ. ಮೊಮ್ಮಗಳು ಎರಡು ಲೋಟ ಕುಡಿದಳು.

ಮೈಸೂರಿಗೆ ಬಂದ ಮೇಲೆ ಜಾಡಿ ತೊಳೆಯಲು ಹೊರಟವಳು ತಳದ ಆ ಒಂದು ಹಿಡಿ ಉಪ್ಪನ್ನು ಚೆಲ್ಲಲಿಲ್ಲ. ಬಟ್ಟಲಿಗೆ ತೆಗೆದಿಟ್ಟು, ಜಾಡಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮೊದಲು ಅದನ್ನೇ ಹಾಕಿ, ಅದರ ಮೇಲೆ ಹೊಸದನ್ನು ಸುರಿದಳು. ಮಿಡಿ ಈಗ ಉಪ್ಪಿನಲ್ಲಿದೆ. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೋಡುತ್ತಾಳೆ. ತೆಗೆಯಬಾರದು ಎಂದು ಪುಸ್ತಕದಲ್ಲೇ ಬರೆದಿದೆ.