ನಾಟಿ ಹಾಕುವ ಕೈಗೆ ಬೆಲೆ ಎಷ್ಟು?



ನಾಲೆಗೆ ನೀರು ಬಿಟ್ಟ ಸುದ್ದಿ ಬಂದೊಡನೆ ಭದ್ರಾ ಅಚ್ಚುಕಟ್ಟಿನ ಊರುಗಳಲ್ಲಿ ಕೇಳಿಬರುವ ಮಾತು ಒಂದೇ: ‘ಆಳು ಸಿಗ್ತಿಲ್ಲ.’ ಸಸಿಮಡಿಯಲ್ಲಿ ಪೈರು ಬಲಿಯುತ್ತಿರುತ್ತದೆ, ಗದ್ದೆ ಕೆಸರಾಗಿ ಕಾದಿರುತ್ತದೆ, ನಾಟಿಯವರು ಮಾತ್ರ ಬರುವುದಿಲ್ಲ. ಕೊನೆಗೂ ಬಂದ ದಿನ ಅವರಿಗೆ ನಾವು ಇಟ್ಟ ಹೆಸರು ‘ಹೆಣ್ಣಾಳು’; ಕೊಡುವುದು ಗಂಡಾಳಿಗಿಂತ ಕಡಿಮೆ ಕೂಲಿ. ಯಾವ ಕೆಲಸಕ್ಕಾಗಿ ಇಡೀ ಊರು ಕಾದು ಕುಳಿತಿರುತ್ತದೆಯೋ ಆ ಕೆಲಸಕ್ಕೇ ಕಡಿಮೆ ಬೆಲೆ! ಇದು ಸರಿಯೇ ಎಂದು ಈ ವಾರ ಲೆಕ್ಕ ಹಾಕಿ ನೋಡೋಣ.

ಗದ್ದೆಯಲ್ಲಿ ಕಲಿತ ಪಾಠ

ಬಿ.ಎಸ್‌ಸಿ. ಕೃಷಿ ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿನಲ್ಲಿ ಸಾಲು ನಾಟಿಯ ಪ್ರಾತ್ಯಕ್ಷಿಕೆ ಏರ್ಪಡಿಸಿದ್ದೆ. ಹೇಳಿದರೆ ಸಾಲದು, ಮಾಡಿಯೂ ತೋರಿಸೋಣವೆಂದು ಪ್ಯಾಂಟು ಮಡಚಿ ಕೆಸರಿಗಿಳಿದು ನಾಲ್ಕು ಸಾಲು ನೆಟ್ಟೆ. ಪಕ್ಕದ ಸಾಲಿನಲ್ಲಿದ್ದ ವಯಸ್ಸಾದ ತಾಯಿಯೊಬ್ಬರು ನೋಡಿ, ‘ಸಾಹೇಬ್ರೇ, ಅಷ್ಟು ಆಳಕ್ಕೆ ಹೂತರೆ ಅದು ಮರಿ ಹಾಕಲ್ಲ. ಮೇಲೆ ಮೇಲೆ ಇಟ್ಟರೆ ತೇಲ್ತದೆ. ಬೆರಳ ತುದಿಗೇ ಗೊತ್ತಾಗಬೇಕು’ ಎಂದರು. ಮೂರು ವಾರ ಬಿಟ್ಟು ಹೋಗಿ ನೋಡಿದಾಗ ನನ್ನ ಸಾಲುಗಳನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಕೆಲವು ಗುಣಿ ಖಾಲಿ, ಉಳಿದವು ತೆಂಡೆ ಒಡೆಯದೆ ಒಂಟಿಯಾಗಿ ನಿಂತಿದ್ದವು. ಆ ತಾಯಿಯ ಸಾಲು ತುಂಬಿಕೊಂಡಿತ್ತು.

ಎರಡರಿಂದ ಮೂರು ಸೆಂಟಿಮೀಟರ್ ಆಳಕ್ಕೆ ನೆಡಬೇಕೆಂಬುದು ನನ್ನ ಪುಸ್ತಕದಲ್ಲಿತ್ತು. ಅವರಿಗೆ ಅದು ಬೆರಳಿನಲ್ಲಿತ್ತು.

ಒಂದು ಎಕರೆಯ ಲೆಕ್ಕ

ಸಾಲಿನಿಂದ ಸಾಲಿಗೆ 20 ಸೆಂ.ಮೀ., ಗುಣಿಯಿಂದ ಗುಣಿಗೆ 10 ಸೆಂ.ಮೀ. ಎಂದು ನಾವು ಶಿಫಾರಸು ಮಾಡುತ್ತೇವೆ. ಅಂದರೆ ಚದರ ಮೀಟರಿಗೆ 50 ಗುಣಿ. ಒಂದು ಎಕರೆಗೆ ಸುಮಾರು 2 ಲಕ್ಷ ಗುಣಿ. ಎಕರೆಗೆ 12 ಆಳು ಎಂದು ಹಿಡಿದರೆ ಒಬ್ಬೊಬ್ಬರ ಪಾಲಿಗೆ 16 ಸಾವಿರಕ್ಕೂ ಹೆಚ್ಚು ಗುಣಿ. ಏಳು ಗಂಟೆಯ ಕೆಲಸವಾದರೆ ನಿಮಿಷಕ್ಕೆ 40. ಪ್ರತಿ ಸಲವೂ ಎಡಗೈ ಕಟ್ಟಿನಿಂದ ಎರಡು ಮೂರು ಸಸಿ ಬಿಡಿಸಿ, ಬೇರು ಮಡಚದಂತೆ, ಆಳ ತಪ್ಪದಂತೆ ಊರಬೇಕು. ಸೊಂಟ ಬಗ್ಗಿಯೇ ಇರಬೇಕು, ಹಿಂದಕ್ಕೆ ಹೆಜ್ಜೆ ಇಡುತ್ತಲೇ ಇರಬೇಕು. ಇದು ‘ಯಾರು ಬೇಕಾದರೂ ಮಾಡುವ ಕೆಲಸ’ ಎನ್ನುವವರು ಅರ್ಧ ಗಂಟೆ ಮಾಡಿ ನೋಡಲಿ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಎಕರೆಗೆ ಇಷ್ಟು ಎಂದು ಚೌಕಾಸಿ ಮಾಡಿ ಗುತ್ತಿಗೆ ದರ ಇಳಿಸುತ್ತೀರಿ. ನಾಟಿಯವರು ಬೇಗ ಮುಗಿಸಲು ಅಂತರ ಹೆಚ್ಚಿಸುತ್ತಾರೆ. 20×10 ಇದ್ದದ್ದು 25×20 ಆದರೆ ಚದರ ಮೀಟರಿಗೆ 50 ಗುಣಿಯ ಬದಲು 20 ಗುಣಿ ಮಾತ್ರ. ನಾಟಿ ತಡವಾಗಿ ಸಸಿ ಬಲಿತಿದ್ದರಂತೂ ತೆಂಡೆ ಒಡೆದು ಆ ಜಾಗ ತುಂಬುವುದಿಲ್ಲ. ಕೂಲಿಯಲ್ಲಿ ಉಳಿಸಿದ್ದು ಕಣದಲ್ಲಿ ಹೋಯಿತು.

‘ಅಕುಶಲ’ ಎಂಬ ಹಣೆಪಟ್ಟಿ

ಸರ್ಕಾರಿ ಕಡತಗಳಲ್ಲಿ ಕೆಲಸವನ್ನು ಕುಶಲ, ಅರೆಕುಶಲ, ಅಕುಶಲ ಎಂದು ವಿಂಗಡಿಸುವುದುಂಟು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲೂ ‘ಅಕುಶಲ ದೈಹಿಕ ಕೆಲಸ’ ಎಂಬ ಮಾತೇ ಇತ್ತು. ಆದರೂ ಅಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ದರ. ನಮ್ಮ ಹೊಲಗಳಲ್ಲಿ ಅದೂ ಇಲ್ಲ.

ನಾಟಿ ಯಂತ್ರ ನಡೆಸುವವನನ್ನು ಕುಶಲ ಕೆಲಸಗಾರ ಎನ್ನುತ್ತೇವೆ, ಹೆಚ್ಚು ಹಣ ಕೊಡುತ್ತೇವೆ. ತಪ್ಪಲ್ಲ. ಆದರೆ ಯಂತ್ರ ಬಿಟ್ಟುಹೋದ ಮೂಲೆಗಳಲ್ಲಿ, ಸಸಿ ಬೀಳದ ಜಾಗಗಳಲ್ಲಿ ಮತ್ತೆ ಕೈಯಿಂದ ನೆಟ್ಟು ತುಂಬುವವಳು ‘ಅಕುಶಲ’ಳು! ಹಾವೇರಿ, ರಾಣೆಬೆನ್ನೂರು ಕಡೆ ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ತಿಳಿದೀತು. ಸಂಜೆ ಮೊಗ್ಗಿನ ಗಂಡು ಭಾಗವನ್ನು ಉಗುರಿನಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸ ಅಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳದು. ಅವರ ಉಗುರು ತಪ್ಪಿದರೆ ಬೀಜವೇ ಕಟ್ಟುವುದಿಲ್ಲ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಕಾರಣ ದೇಶವೇ ಬಾಗಿಲು ಮುಚ್ಚಿದಾಗ, ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರ ರೈತರ ಮತ್ತು ಕೃಷಿ ಕಾರ್ಮಿಕರ ಹೊಲಗೆಲಸಕ್ಕೆ ವಿನಾಯಿತಿ ನೀಡಿತು. ಕಚೇರಿಗಳು ನಿಂತರೂ ಹೊಲ ನಿಲ್ಲುವಂತಿರಲಿಲ್ಲ. ಅಗತ್ಯ ಕೆಲಸ ಯಾವುದೆಂದು ಆಗ ಎಲ್ಲರಿಗೂ ಗೊತ್ತಾಯಿತು. ಬಾಗಿಲು ತೆರೆದ ಮೇಲೆ ಮರೆತೆವು.

ಕಾನೂನು ಏನು ಹೇಳುತ್ತದೆ?

1948ರ ಕನಿಷ್ಠ ವೇತನ ಕಾಯ್ದೆ ಕೃಷಿ ಕೆಲಸವನ್ನೂ ಒಳಗೊಂಡಿತ್ತು. 1976ರ ಸಮಾನ ವೇತನ ಕಾಯ್ದೆ, ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದ ಮಾಡಕೂಡದೆಂದಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ವೇತನ ಸಂಹಿತೆಯಲ್ಲೂ ಇದೇ ತತ್ವವಿದೆ. ಆದರೆ ನಾವು ಜಾಣರು. ಬದು ಕಡಿಯುವುದು ಗಂಡಸಿನ ಕೆಲಸ, ನಾಟಿ, ಕಳೆ ಹೆಂಗಸಿನ ಕೆಲಸ ಎಂದು ಮೊದಲೇ ಬೇರೆ ಮಾಡಿ, ‘ಕೆಲಸವೇ ಬೇರೆ, ಅದಕ್ಕೇ ಕೂಲಿ ಬೇರೆ’ ಎನ್ನುತ್ತೇವೆ. ದಿನವಿಡೀ ಬಗ್ಗಿದ ಸೊಂಟಕ್ಕೆ ಈ ವಾದ ಒಪ್ಪಿಗೆಯಾಗುವುದಿಲ್ಲ.

ನಿಮ್ಮ ಮನೆಗೂ ಇದೇ ಅಳತೆ

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಓದಿ. ಭತ್ತದ ಬೆಂಬಲ ಬೆಲೆಗೆ ಶಿಫಾರಸು ಮಾಡುವುದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ. ಬೀಜ, ಗೊಬ್ಬರ, ಆಳಿನ ಖರ್ಚಿನ ಜೊತೆಗೆ ಮನೆಮಂದಿಯ ದುಡಿಮೆಗೂ ಅದು ಬೆಲೆ ಕಟ್ಟುತ್ತದೆ. ಯಾವ ಅಳತೆಯಿಂದ? ಕೃಷಿ ಕೂಲಿ ದರದ ಆಧಾರದಿಂದ. ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಬೆಲೆ ಕೊಡುವುದಾಗಿ 2018ರ ಕೇಂದ್ರ ಬಜೆಟ್ಟಿನಲ್ಲಿ ಹೇಳಲಾಯಿತು. ಹಾಗಾದರೆ ಹೆಣ್ಣಾಳಿನ ದುಡಿಮೆ ಅಗ್ಗವಾದಷ್ಟೂ ನಿಮ್ಮ ಹೆಂಡತಿಯ, ತಾಯಿಯ, ಮಗಳ ದುಡಿಮೆಯೂ ಅಗ್ಗವಾಯಿತು. ನೀವೊಬ್ಬರು ಕೂಲಿ ಹೆಚ್ಚಿಸಿದ ಮಾತ್ರಕ್ಕೆ ದೇಶದ ಬೆಲೆ ಬದಲಾಗದು, ನಿಜ. ಆದರೆ ‘ಹೊಲದ ಕೆಲಸ ತಾನೇ, ಅದಕ್ಕೇನು ಬೆಲೆ’ ಎಂದು ಪೇಟೆಯವರು ನಮ್ಮ ಬಗ್ಗೆ ಆಡುವ ಮಾತು ನಮಗೆ ನೋಯುತ್ತದೆ. ಅದೇ ಮಾತನ್ನು ನಮ್ಮದೇ ಬದುವಿನ ಮೇಲೆ ನಿಂತು ನಾವು ಆಡಬಹುದೇ?

ಎಲ್ಲಿಂದ ತರಲಿ?

‘ಸಾರ್, ಭತ್ತಕ್ಕೇ ಬೆಲೆ ಇಲ್ಲ, ಕೂಲಿ ಎಲ್ಲಿಂದ ತರಲಿ?’ ಎಂದು ನೀವು ಕೇಳುವುದು ನ್ಯಾಯವೇ. ಎರಡು ಎಕರೆಯವರ ಕಷ್ಟ ನನಗೆ ತಿಳಿಯದ್ದಲ್ಲ. ಉಳಿತಾಯಕ್ಕೆ ಬೇರೆ ಜಾಗಗಳಿವೆ. ಶಿಫಾರಸಿಗಿಂತ ಹೆಚ್ಚಾಗಿ ಎರಚುವ ಯೂರಿಯಾ ಹಣವನ್ನೂ ತಿನ್ನುತ್ತದೆ, ಕಂದು ಜಿಗಿಹುಳು ಮತ್ತು ಬೆಂಕಿರೋಗವನ್ನೂ ಕರೆಯುತ್ತದೆ. ಆಮೇಲೆ ಔಷಧಿಯ ಖರ್ಚು ಬೇರೆ. ಮಣ್ಣು ಪರೀಕ್ಷೆ ಮಾಡಿಸಿ, ಗೊಬ್ಬರವನ್ನು ಕಂತುಗಳಲ್ಲಿ ಕೊಡಿ. ನಾಲ್ಕು ಮನೆಯವರು ಕೂಡಿ ಮುಯ್ಯಾಳು ಪದ್ಧತಿಯನ್ನು ಮತ್ತೆ ಶುರುಮಾಡಿ. ಒಂದು ದಿನಕ್ಕೆ ಒಂದು ದಿನ ಎಂಬುದೇ ಅದರ ನ್ಯಾಯ. ನಮ್ಮ ಹಿರಿಯರಿಗೆ ಸಮಾನ ಲೆಕ್ಕ ಹೊಸದಾಗಿರಲಿಲ್ಲ.

ಈ ಹಂಗಾಮಿನಲ್ಲಿ ಮಾಡಬೇಕಾದದ್ದು

1. ಒಂದು ದಿನದ ದುಡಿಮೆಗೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಕೊಡಿ. ನಾಟಿ ಶುರುವಾಗುವ ಮೊದಲೇ ಊರವರು ಸೇರಿ ದರ ಗೊತ್ತುಮಾಡುವಾಗ ನಾಟಿಯವರನ್ನೂ ಕರೆದು ಕೂರಿಸಿ.

2. ಗುತ್ತಿಗೆ ಕೊಟ್ಟರೆ ಅಂತರವನ್ನೂ ಮಾತಿನಲ್ಲಿ ಸೇರಿಸಿ, ಹಗ್ಗ ಹಿಡಿಸಿ. ಅಂತರ ಸರಿಯಾಗಿ ಬೇಕೆಂದರೆ ಅದಕ್ಕೆ ಹಿಡಿಯುವ ಹೊತ್ತಿಗೂ ಹಣ ಕೊಡಿ.

3. ಕೂಲಿಯನ್ನು ಅದೇ ದಿನ, ದುಡಿದವರ ಕೈಗೇ ಕೊಡಿ. ‘ನಾಳೆ ಮನೆ ಹತ್ರ ಬಾ’ ಎನ್ನಬೇಡಿ.

4. ಕುಡಿಯುವ ನೀರು, ಊಟಕ್ಕೆ ನೆರಳು ಒದಗಿಸಿ. ಔಷಧಿ ಸಿಂಪಡಿಸಿದ ಗದ್ದೆಗೆ ಡಬ್ಬಿಯ ಮೇಲೆ ಸೂಚಿಸಿದ ಅವಧಿ ಮುಗಿಯದೆ ಕಳೆಯವರನ್ನು ಇಳಿಸಬೇಡಿ. ಒಂದೇ ಆಟೋದಲ್ಲಿ ಇಪ್ಪತ್ತು ಜನರನ್ನು ತುಂಬಿ ತರಬೇಡಿ.

5. ಖರ್ಚಿನ ಪುಸ್ತಕದಲ್ಲಿ ಮನೆಯ ಹೆಣ್ಣುಮಕ್ಕಳು ಗದ್ದೆಗಿಳಿದ ದಿನಗಳನ್ನೂ ಬರೆಯಿರಿ. ವರ್ಷದ ಕೊನೆಗೆ ಕೂಡಿ ನೋಡಿದಾಗ ನಿಮಗೇ ಆಶ್ಚರ್ಯವಾದೀತು.

ಕೆಲಸ ಹೇಳಿಕೊಟ್ಟ ಆ ತಾಯಿಗೆ ಅಂದು ಸಂಜೆ ಸಿಕ್ಕಿದ್ದು ಬದು ಕಡಿದವನಿಗಿಂತ ಕಡಿಮೆ ಕೂಲಿ. ತಪ್ಪು ನೆಟ್ಟ ನನಗೆ ತಿಂಗಳ ಸಂಬಳ ಪೂರ್ತಿ ಬಂತು. ಇದನ್ನು ನಾನು ಇಂದಿಗೂ ಮರೆತಿಲ್ಲ. ಈ ಸಲ ನಿಮ್ಮ ಗದ್ದೆಯಲ್ಲಿ ನಾಟಿ ಮುಗಿದ ಸಂಜೆ ಕೂಲಿ ಎಣಿಸುವ ಮೊದಲು ಒಮ್ಮೆ ಹಿಂತಿರುಗಿ ಗದ್ದೆಯತ್ತ ನೋಡಿ. ಅಲ್ಲಿ ನಿಂತಿರುವ ಎರಡು ಲಕ್ಷ ಗುಣಿಗಳನ್ನು ನೋಡಿ, ಆಮೇಲೆ ಎಣಿಸಿರಿ.